ಬನಶಂಕರಿ ಜಾತ್ರೆಗೆ ಬಂದವರು ಬಾದಾಮಿಯಲ್ಲಿ ಯಾವ ಗುಡ್ಡ ಹತ್ತಬೇಕು?

ಪುಷ್ಯ ಮಾಸ ಹತ್ತಿರ ಬಂತೆಂದರೆ ನನಗೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. "ಬನಶಂಕರಿ ಜಾತ್ರೆಗೆ ಬರ್ತಾ ಇದ್ದೀವಿ, ಎರಡು ದಿನ ಇರ್ತೀವಿ, ಅಲ್ಲೇ ಹತ್ತಿರ ಒಂದು ಟ್ರೆಕ್ಕಿಂಗ್ ಹೇಳಿ." ಬೆಂಗಳೂರಿನವರು ಕೇಳುತ್ತಾರೆ, ಬೆಳಗಾವಿಯವರು ಕೇಳುತ್ತಾರೆ. ಬಾದಾಮಿಗೆ ಒಂದು ಗಂಟೆ ದಾರಿಯ ನಮ್ಮ ಬಾಗಲಕೋಟೆಯವರೂ ಕೇಳುತ್ತಾರೆ, ಅದಕ್ಕೆ ಏನು ಹೇಳೋಣ. ಪ್ರತಿ ಸಲ ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿ ಸಾಕಾಗಿದೆ. ಈ ಸಲ ಎಲ್ಲ ಒಂದೇ ಕಡೆ ಬರೆದು ಇಡುತ್ತಿದ್ದೇನೆ.

ಬಾದಾಮಿ ಗುಡ್ಡ ನೋಡಿ ಯಾರೂ ಹೆದರುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಕುದುರೆಮುಖ, ಮುಳ್ಳಯ್ಯನಗಿರಿ ಹತ್ತಿ ಬಂದವರು ಬಸ್ ಸ್ಟ್ಯಾಂಡಿನಲ್ಲಿ ನಿಂತು ತಲೆ ಎತ್ತಿ ನೋಡಿ "ಇಷ್ಟೇನಾ" ಅನ್ನುತ್ತಾರೆ. ಹೌದು, ಎತ್ತರ ಇಷ್ಟೇ. ಆದರೆ ಮಲೆನಾಡಿನ ಹಾಗೆ ಇಲ್ಲಿ ತಲೆ ಮೇಲೆ ಮರ ಇಲ್ಲ, ದಾರಿಯಲ್ಲಿ ಹಳ್ಳ ಇಲ್ಲ, ಕೆಂಪು ಮರಳುಗಲ್ಲು ಬೆಳಗಿನ ಬಿಸಿಲನ್ನೆಲ್ಲ ಕುಡಿದು ಮಧ್ಯಾಹ್ನ ನಿಮ್ಮ ಮುಖಕ್ಕೇ ಹೊಡೆಯುತ್ತದೆ. ಅದಕ್ಕೇ ಇಲ್ಲಿ ದಾರಿ ಆರಿಸುವಾಗ "ಎಷ್ಟು ಕಿಲೋಮೀಟರ್" ಅಂತ ಕೇಳಬೇಡಿ. ಎಷ್ಟು ಗಂಟೆಗೆ ಶುರು ಮಾಡಿದರೆ ಎಷ್ಟು ಗಂಟೆಗೆ ನೆರಳು ಸೇರುತ್ತೇವೆ ಅಂತ ಕೇಳಿ. ಉಳಿದದ್ದೆಲ್ಲ ಆಮೇಲೆ.

ಇಲ್ಲಿಯ ಜನ ದಾರಿ ಹೇಳುವಾಗ ಬಳಸುವ ಮೂರ್ನಾಲ್ಕು ಮಾತು ಗೊತ್ತಿದ್ದರೆ ಒಳ್ಳೆಯದು. ಕೊಳ್ಳ ಅಂದರೆ ಎರಡು ಗುಡ್ಡದ ನಡುವಿನ ಆಳವಾದ ಕಣಿವೆ. ಸಾಮಾನ್ಯವಾಗಿ ಅಲ್ಲೊಂದು ಒರತೆ, ಒಂದು ಗುಡಿ ಇರುತ್ತದೆ. ಫಡಿ ಅಂದರೆ ಚಾಚಿಕೊಂಡ ಬಂಡೆಯ ಕೆಳಗಿನ ಆಸರೆ. ಗುಹೆಯಷ್ಟು ಆಳ ಇರುವುದಿಲ್ಲ. ದಿಡಗು ಅಂದರೆ ಜಲಪಾತ. ಜಾತ್ರೆ ಹೊತ್ತಿಗೆ ದಿಡಗು ಕೇಳಲೇಬೇಡಿ, ಅಕ್ಕ-ತಂಗಿ ಜಲಪಾತ ಅಂತ ಫೋನಿನಲ್ಲಿ ನೋಡಿಕೊಂಡು ಬಂದಿರುತ್ತೀರಿ, ಅದು ಮಳೆಗಾಲದ ಮಾತು. ಜನವರಿಯಲ್ಲಿ ಅಲ್ಲಿ ಬಂಡೆ ಮೇಲೆ ಕಪ್ಪು ಕಲೆ ಮಾತ್ರ ಕಾಣುತ್ತದೆ. ಇನ್ನು ಟಂಟಂ ಅಂದರೆ ಹಂಚಿಕೊಂಡು ಹೋಗುವ ದೊಡ್ಡ ಆಟೋ. ಇದು ನಿಮಗೆ ಎರಡು ಸಲವಾದರೂ ಬೇಕಾಗುತ್ತದೆ.

1. ಮೊದಲು ತೇರಿನ ದಿನ ಯಾವುದು ನೋಡಿ

ಬನಶಂಕರಿ ತೇರು ಎಳೆಯುವುದು ಪುಷ್ಯ ಹುಣ್ಣಿಮೆಯ ಸಂಜೆ. ನಮ್ಮ ಕಡೆ ಅದಕ್ಕೆ ಬನದ ಹುಣ್ಣಿಮೆ ಅಂತಲೇ ಹೆಸರು. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದರ ತಾರೀಖು ಪ್ರತಿ ವರ್ಷ ಹಿಂದೆ ಮುಂದೆ ಸರಿಯುತ್ತದೆ. 2025ರಲ್ಲಿ ಜನವರಿ 13ಕ್ಕೆ ಬಂದಿತ್ತು, 2026ರಲ್ಲಿ ಜನವರಿ 3ಕ್ಕೆ. "ಜನವರಿ ಮಧ್ಯದಲ್ಲಿ ಅಲ್ವಾ" ಅಂತ ಅಂದಾಜಿನ ಮೇಲೆ ರೂಮ್ ಬುಕ್ ಮಾಡಿದವರು ತೇರು ಮುಗಿದ ಹತ್ತು ದಿನಕ್ಕೆ ಬಂದು ಇಳಿದದ್ದಿದೆ. ಜಾತ್ರೆ ಮಾತ್ರ ಆಗಲೂ ಇರುತ್ತದೆ, ಬಿಡಿ. ತೇರಾದ ಮೇಲೂ ವಾರಗಟ್ಟಲೆ ಅಂಗಡಿ, ನಾಟಕ ನಡೆಯುತ್ತವೆ.

ನಿಮಗೆ ಗುಡ್ಡವೇ ಮುಖ್ಯ, ಜಾತ್ರೆ ಜೊತೆಗೊಂದು ಖುಷಿ ಅನ್ನುವುದಾದರೆ ತೇರು ಮುಗಿದು ಒಂದು ವಾರ ಬಿಟ್ಟು ಬನ್ನಿ. ರೂಮ್ ಸಿಗುತ್ತದೆ, ಬಸ್ಸಿನಲ್ಲಿ ಸೀಟು ಸಿಗುತ್ತದೆ. ತೇರೇ ಮುಖ್ಯ ಅನ್ನುವುದಾದರೆ ಹೀಗೆ ಮಾಡಿ: ತೇರಿನ ಹಿಂದಿನ ದಿನ ದೇವಿಗೆ 108 ಬಗೆಯ ಪಲ್ಯ ಎಡೆ ಇಡುವ ಪಲ್ಲೇದ ಹಬ್ಬ ಇರುತ್ತದೆ, ಅವತ್ತು ಬೆಳಗ್ಗೆ ಬಾದಾಮಿ ಊರಲ್ಲೇ ಸಣ್ಣ ನಡಿಗೆ. ತೇರಿನ ದಿನ ಗುಡ್ಡ ಬೇಡ. ಮಾರನೇ ದಿನವೂ ದೊಡ್ಡ ನಡಿಗೆ ಬೇಡ, ಅದರ ಮಾರನೇ ದಿನ ಇಟ್ಟುಕೊಳ್ಳಿ.

ಯಾಕೆ ಅಂದರೆ ನಾಟಕ. ಜಾತ್ರೆಗೆ ಬಂದವರು ಕಂಪನಿ ನಾಟಕ ನೋಡದೆ ಹೋಗುವುದಿಲ್ಲ, ನೋಡದೆ ಹೋಗಲೂ ಬಾರದು. ಒಂದು ಆಟ ಮುಗಿದ ಮೇಲೆ ಪಕ್ಕದ ಟೆಂಟಿನ ಮೈಕು ಕರೆಯುತ್ತದೆ, "ಇನ್ನೊಂದು ನೋಡೇಬಿಡೋಣ" ಅಂತ ಒಬ್ಬ ಶುರು ಮಾಡುತ್ತಾನೆ, ಹೊರಗೆ ಬರುವಾಗ ಕೋಳಿ ಕೂಗುವ ಹೊತ್ತು. ಎರಡು ತಾಸು ನಿದ್ದೆ ಮಾಡಿ ಒಂಬತ್ತಕ್ಕೆ ಎದ್ದು ಮಿರ್ಚಿ ತಿಂದು ಗುಡ್ಡಕ್ಕೆ ಹೊರಟರೆ ಏನಾಗಬೇಕೋ ಅದೇ ಆಗುತ್ತದೆ. ತಲೆ ಸುತ್ತಿ ಕೂತವರನ್ನು ನಾನೇ ಇಬ್ಬರನ್ನು ಕೈ ಹಿಡಿದು ಇಳಿಸಿದ್ದೇನೆ. ಇಬ್ಬರೂ ಗಟ್ಟಿಮುಟ್ಟಾದ ಹುಡುಗರು, ನಿದ್ದೆ ಇರಲಿಲ್ಲ ಅಷ್ಟೇ.

2. ನಿಮ್ಮ ಗುಂಪಿನಲ್ಲಿ ಯಾರು ಯಾರು ಇದ್ದಾರೆ

ಜಾತ್ರೆಗೆ ಬರುವುದು ಗೆಳೆಯರ ಟ್ರೆಕ್ಕಿಂಗ್ ಟೀಮ್ ಅಲ್ಲ, ಮನೆಮಂದಿ. ಅಜ್ಜಿ ಹರಕೆ ತೀರಿಸಲು ಬಂದಿರುತ್ತಾರೆ, ಅತ್ತಿಗೆ ರೇಷ್ಮೆ ಸೀರೆಯಲ್ಲಿ, ಆರು ವರ್ಷದ ಹುಡುಗ ಪೀಪಿ ಊದುತ್ತಾ. ಎಲ್ಲರನ್ನೂ ಒಂದೇ ಗುಡ್ಡ ಹತ್ತಿಸಲು ಹೋಗಬೇಡಿ. ಗುಂಪನ್ನು ಎರಡು ಮಾಡಿ. ಮಂಡಿ ನೋವಿನವರು, ಸಣ್ಣ ಮಕ್ಕಳು ಕೆರೆ ದಂಡೆಯ ದಾರಿ ಹಿಡಿಯಲಿ, ಉಳಿದವರು ಕೋಟೆ ಹತ್ತಲಿ, ಎರಡೂ ಕೊನೆಗೆ ಒಂದೇ ಕಡೆ ಸೇರುತ್ತವೆ. ಎರಡು ಗುಂಪಿಗೂ ಎಲ್ಲಿ, ಎಷ್ಟು ಹೊತ್ತಿಗೆ ಸೇರಬೇಕು ಅಂತ ಬಾಯಲ್ಲೇ ಹೇಳಿಕೊಂಡು ಹೊರಡಿ. ಜಾತ್ರೆ ದಿನ ಫೋನು ನಂಬುವ ಹಾಗಿಲ್ಲ. ಲಕ್ಷಾಂತರ ಜನ ಸೇರಿದಾಗ ಸಿಗ್ನಲ್ ಗೆರೆ ಪೂರ್ತಿ ಇದ್ದರೂ ಕಾಲ್ ಹೋಗುವುದಿಲ್ಲ.

ನಡೆಯುವ ಗುಂಪಿನಲ್ಲೂ ಎಲ್ಲರಿಗಿಂತ ನಿಧಾನ ಯಾರೋ ಅವರ ಲೆಕ್ಕಕ್ಕೇ ಸಮಯ ಹಾಕಿ. ನಾನು ಕೆಳಗೆ ಕೊಡುವ ಗಂಟೆಗಳು ಅವರದೇ ಲೆಕ್ಕ.

3. ದಾರಿ ಆರಿಸಿ

ಅರ್ಧ ದಿನ ಮಾತ್ರ ಇದ್ದರೆ ಬಡಗಣ ಕೋಟೆ. ಇದನ್ನು ಬಾವನ್ ಬಂಡೆ ಕೋಟೆ ಅಂತಲೂ ಕರೆಯುತ್ತಾರೆ. ಬಾದಾಮಿಯ ಕೆರೆ, ಅಂದರೆ ಅಗಸ್ತ್ಯ ತೀರ್ಥದ ಬಡಗಣ ದಂಡೆಯಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆಯಲ್ಲ, ಅದರ ಪಕ್ಕದಿಂದಲೇ ಮೆಟ್ಟಿಲು ಶುರು. ಹತ್ತಿದ ಸ್ವಲ್ಪ ಹೊತ್ತಿಗೆ ಬಂಡೆ ಎರಡು ಸೀಳಾಗಿ ನಡುವೆ ಓಣಿಯಂಥ ದಾರಿ ಬರುತ್ತದೆ. ಎರಡೂ ಕಡೆ ಕೆಂಪು ಗೋಡೆ, ಮೇಲೆ ಆಕಾಶ ಒಂದು ಪಟ್ಟಿಯಷ್ಟು. ಬಾದಾಮಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು, ಬೆಳಗ್ಗೆ ಹೋದರೆ ಗೋಡೆಗೆ ಕೈ ಇಟ್ಟು ನೋಡಿ, ಮಡಕೆಯಷ್ಟು ತಣ್ಣಗಿರುತ್ತದೆ. ಮುಂದೆ ಕೆಳಗಿನ ಶಿವಾಲಯ, ಹಳೇ ಕಣಜಗಳು, ತುದಿಯಲ್ಲಿ ಮೇಲಿನ ಶಿವಾಲಯ. ಅಲ್ಲಿಂದ ಕೆರೆ, ಆಚೆ ಗುಡ್ಡದ ಗುಹೆಗಳು, ಊರಿನ ಮಾಳಿಗೆಗಳು ಎಲ್ಲ ಒಂದೇ ನೋಟಕ್ಕೆ. 543ರಲ್ಲಿ ಒಂದನೇ ಪುಲಕೇಶಿ ಈ ಗುಡ್ಡವನ್ನು ಕೋಟೆ ಮಾಡಿದ ಅಂತ ಹೇಳುವ ಶಾಸನ ಇದೇ ಬಡಗಣ ಬದಿಯ ಬಂಡೆ ಮೇಲೆ ಇದೆ. ಹತ್ತಿ, ನೋಡಿ, ಇಳಿಯಲು ಎರಡು ಗಂಟೆ ಸಾಕು. ಮೆಟ್ಟಿಲು ಕೆಲವು ಕಡೆ ಮೊಣಕಾಲೆತ್ತರ ಇವೆ, ಅಜ್ಜಿಯರಿಗೆ ಬೇಡ. ಮಾಲೆಗಿತ್ತಿ ಶಿವಾಲಯ ಇದೇ ದಾರಿಯಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ಅದು ಬೇರೆಯೇ ಬಂಡೆಯ ಮೇಲಿದೆ, ಊರ ಕಡೆಯಿಂದ ಬೇರೆ ಮೆಟ್ಟಿಲು.

ತೆಂಕಣ ಕೋಟೆ, ಅಂದರೆ ಗುಹೆಗಳ ಮೇಲಿನದು, ಹತ್ತಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಗುಹೆಗಳ ನಡುವಿನ ಆ ಮೆಟ್ಟಿಲಿಗೆ ಗೇಟ್ ಹಾಕಿ ಬೀಗ ಜಡಿದಿದ್ದಾರೆ. ಬೇರೆ ಕಡೆಯಿಂದ ದಾರಿ ಇದೆ ಅಂತ ಯಾರಾದರೂ ಕಿವಿಯಲ್ಲಿ ಹೇಳಿದರೆ ಕೇಳಬೇಡಿ, ಬೀಗ ಹಾಕಿರುವುದು ಸುಮ್ನೆ ಅಲ್ಲ.

ಅಜ್ಜಿ, ಮಕ್ಕಳು ಇದ್ದರೆ ಕೆರೆ ಸುತ್ತ. ಮ್ಯೂಸಿಯಂ ಮುಂದಿನಿಂದ ದಂಡೆ ಹಿಡಿದು ಭೂತನಾಥ ಗುಡಿಗಳ ತನಕ ಹೋಗಿ. ಹೆಚ್ಚು ಕಡಿಮೆ ಮಟ್ಟ ನೆಲ. ಈ ಗುಡಿಗಳ ಮುಖ ಪಡುವಣಕ್ಕೆ, ಆದ್ದರಿಂದ ಇಲ್ಲಿಗೆ ಸಂಜೆ ಬರಬೇಕು. ನಾಲ್ಕೂವರೆ ಐದರ ಬಿಸಿಲು ಬಿದ್ದಾಗ ಕಲ್ಲು ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಕೆರೆಯಲ್ಲಿ ಬಟ್ಟೆ ಒಗೆಯುವ ಸದ್ದು ಆಚೆ ಬಂಡೆಗೆ ಬಡಿದು ಎರಡೆರಡು ಸಲ ಕೇಳುತ್ತದೆ. ಇನ್ನೂ ಕಾಲಿನಲ್ಲಿ ಶಕ್ತಿ ಇದ್ದವರು ತಟ್ಟುಕೋಟೆ ಹನುಮಪ್ಪನ ಗುಡಿಯ ಕಡೆ ಹೋಗಿ ಕಪ್ಪೆ ಅರಭಟ್ಟನ ಶಾಸನ ನೋಡಬಹುದು. ಬಂಡೆಯ ಮೈಮೇಲೇ ಕೊರೆದದ್ದು, ಸುಮಾರು 700ರ ಕಾಲದ್ದು. ಶಾಲೆಯಲ್ಲಿ "ಸಾಧುಗೆ ಸಾಧು" ಅಂತ ಬಾಯಿಪಾಠ ಮಾಡಿದ್ದಿರಲ್ಲ, ಆ ತ್ರಿಪದಿ ಇದೇ. ಕನ್ನಡದ ಮೊದಲ ತ್ರಿಪದಿ ಎದುರಿಗೆ ನಿಂತು ಓದಲು ಬರದೆ ತಡವರಿಸುವುದೂ ಒಂದು ಅನುಭವ.

ಒಂದು ಪೂರ್ತಿ ಬೆಳಗ್ಗೆ ಇದ್ದರೆ ಮಹಾಕೂಟದ ಕಾಲುದಾರಿ. ನನ್ನನ್ನು ಕೇಳಿದರೆ ಜಾತ್ರೆಗೆ ಬಂದವರು ಒಂದೇ ನಡಿಗೆ ಮಾಡುವುದಾದರೆ ಇದನ್ನೇ ಮಾಡಬೇಕು. ಮಹಾಕೂಟ ಅಂದರೆ ಹಳೇ ಶಿವನ ಗುಡಿಗಳ ಕ್ಷೇತ್ರ, ರಸ್ತೆಯಲ್ಲಿ ಸುತ್ತಿ ಹೋದರೆ ಸುಮಾರು 14 ಕಿಲೋಮೀಟರ್. ಗುಡ್ಡ ದಾಟಿ ಹೋದರೆ ಅದರ ಅರ್ಧವೂ ಇಲ್ಲ. ಊರಿನ ಮೂಡಣ ಬದಿಯ ಗುಡ್ಡ ಏರಿ, ಮೇಲಿನ ಮಟ್ಟಸ ಬಯಲು ದಾಟಿ, ನಾಗನಾಥನ ಕೊಳ್ಳದ ಕಡೆ ಇಳಿದು ಮಹಾಕೂಟ ಸೇರುತ್ತೀರಿ. ಮೂರು ಗಂಟೆ ಇಟ್ಟುಕೊಳ್ಳಿ. ಕೊಳ್ಳದಲ್ಲಿ ಚಾಲುಕ್ಯರ ಕಾಲದ ನಾಗನಾಥ ಗುಡಿ ಇದೆ. ಸುತ್ತ ಗಿಡಮರ, ಅಲ್ಲಿ ಹತ್ತು ನಿಮಿಷ ಕೂತರೆ ಹಿಂದಿನ ದಿನದ ಜಾತ್ರೆಯ ಮೈಕಿನ ಸದ್ದು ಕಿವಿಯಿಂದ ಇಳಿಯುತ್ತದೆ. ಬಾದಾಮಿ ಮ್ಯೂಸಿಯಮ್ಮಿನಲ್ಲಿ ಇರುವ ಲಜ್ಜಾಗೌರಿ ಶಿಲ್ಪ ಸಿಕ್ಕಿದ್ದು ಈ ಕೊಳ್ಳದಲ್ಲಿ. ಹಿಂದಿನ ದಿನ ಅದನ್ನು ನೋಡಿ ಬಂದರೆ ಈ ಜಾಗ ಬೇರೆ ಥರವೇ ಕಾಣುತ್ತದೆ. ಶುಕ್ರವಾರ ಮ್ಯೂಸಿಯಂ ರಜೆ, ನೆನಪಿರಲಿ.

ಈ ದಾರಿಯನ್ನು ಬಾದಾಮಿಯಿಂದ ಮಹಾಕೂಟಕ್ಕೆ ನಡೆಯಿರಿ, ಉಲ್ಟಾ ಬೇಡ. ಕೊನೆಗೆ ಮಹಾಕೂಟದ ವಿಷ್ಣು ಪುಷ್ಕರಣಿ ಸಿಗುತ್ತದೆ. ಒರತೆಯ ನೀರು, ನಡುವೆ ಪುಟ್ಟ ಮಂಟಪದಲ್ಲಿ ಐದು ಮುಖದ ಲಿಂಗ. ಬಿಸಿಲಲ್ಲಿ ಮೂರು ಗಂಟೆ ನಡೆದ ಕಾಲನ್ನು ಆ ನೀರಿಗೆ ಇಳಿಬಿಟ್ಟು ಕೂರುವುದು ಈ ನಡಿಗೆಯ ಕೂಲಿ. ಬರುವಾಗ ಬಸ್ಸೋ ಟಂಟಮ್ಮೋ ಹಿಡಿದು ರಸ್ತೆಯಲ್ಲಿ ಬನ್ನಿ. ನಡೆದೇ ವಾಪಸ್ ಬರುತ್ತೇವೆ ಅನ್ನಬೇಡಿ, ಅಷ್ಟೊತ್ತಿಗೆ ಹನ್ನೊಂದಾಗಿರುತ್ತದೆ, ಕಲ್ಲು ಕಾದಿರುತ್ತದೆ. ಸೋಮವಾರ, ಅಮಾವಾಸ್ಯೆಗೆ ಇಲ್ಲಿ ಜನ ಜಾಸ್ತಿ.

ಬಂಡೆ ಹುಚ್ಚು ಇದ್ದವರಿಗೆ ಸಿಡಿಲಫಡಿ. ಬಾದಾಮಿಯಿಂದ ಕುಟಕನಕೇರಿ ದಿಕ್ಕಿಗೆ ನಾಲ್ಕು ಕಿಲೋಮೀಟರ್ ಆಸುಪಾಸು, ಪೂರ್ತಿ ಕುರುಚಲು ಕಾಡಿನ ಕಾಲುದಾರಿ. ಎರಡು ದೊಡ್ಡ ಬಂಡೆಗಳ ನಡುವೆ ಸೇತುವೆ ಹಾಗೆ ಕಲ್ಲು ಕಮಾನು, ಅದರಲ್ಲಿ ತೂತು, ತೂತಿನಿಂದ ಬಿಸಿಲ ಕೋಲು ಕೆಳಗೆ ಬೀಳುತ್ತದೆ. ಸಿಡಿಲು ಹೊಡೆದು ತೂತಾಯಿತು ಅಂತ ಜನ ಹೇಳುತ್ತಾರೆ, ಹೆಸರು ಬಂದದ್ದೂ ಹಾಗೇ. ಬೇಟೆಯಾಡಿ ಬದುಕುತ್ತಿದ್ದ ಕಾಲದ ಮನುಷ್ಯರು ಇಲ್ಲಿ ಆಸರೆ ಪಡೆದಿದ್ದರು, ಗೋಡೆಯಲ್ಲಿ ಅವರ ಚಿತ್ರಗಳಿದ್ದವು. ಈಗ ತುಂಬಾ ಮಾಸಿವೆ. ಫೋಟೋದಲ್ಲಿ ನೋಡಿದಷ್ಟು ಚೆನ್ನಾಗಿ ಕಾಣುತ್ತದೆ ಅಂತ ಆಸೆ ಇಟ್ಟುಕೊಂಡು ಹೋಗಬೇಡಿ, ಬಂಡೆಗಾಗಿ ಹೋಗಿ. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳದೆ ಇಲ್ಲಿಗೆ ಹೊರಡಬೇಡಿ. ಇದರಲ್ಲಿ ರಾಜಿ ಇಲ್ಲ.

ಕಾರು ಇದ್ದು, ಪಟ್ಟದಕಲ್ಲು ಐಹೊಳೆ ಹೇಗೂ ನೋಡುವುದಿದ್ದರೆ ಐಹೊಳೆಯ ಮೇಗುತಿ ಗುಡ್ಡ. ಅರ್ಧ ಗಂಟೆ ಮೆಟ್ಟಿಲು, ಅಷ್ಟೇ. ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಗುಡಿ, ತುದಿಯಲ್ಲಿ ಜೈನ ಬಸದಿ, ಅದರ ಗೋಡೆಯಲ್ಲಿ 634ರ ರವಿಕೀರ್ತಿಯ ಶಾಸನ, ಇಮ್ಮಡಿ ಪುಲಕೇಶಿಯ ಪ್ರತಾಪವನ್ನೆಲ್ಲ ಹೇಳುವುದು. ಬಸದಿ ಹಿಂದೆ ಹೋದರೆ ಕಲ್ಲು ಚಪ್ಪಡಿ ನಿಲ್ಲಿಸಿ ಮೇಲೆ ಮುಚ್ಚಿದ, ಇತಿಹಾಸಕ್ಕೂ ಹಿಂದಿನ ಗೋರಿಗಳಿವೆ. ಬಹಳ ಜನ ಶಾಸನ ನೋಡಿ ಅಲ್ಲಿಂದಲೇ ಇಳಿದುಬಿಡುತ್ತಾರೆ. ವಾಪಸ್ ಬರುವಾಗ ಸಿದ್ಧನಕೊಳ್ಳಕ್ಕೆ ಒಂದು ಸುತ್ತು ಹಾಕಿ, ನೆರಳಿದೆ.

4. ಸಮಯ ಹೊಂದಿಸಿ

ಜಾತ್ರೆ ದಿನಗಳಲ್ಲಿ ಇಲ್ಲಿ ಸೂರ್ಯ ಏಳುವುದು 7 ಗಂಟೆ ಹೊತ್ತಿಗೆ, ಮುಳುಗುವುದು 6 ಗಂಟೆ 10-15 ನಿಮಿಷಕ್ಕೆ. ಬೆಳಗ್ಗೆ ಸ್ವೆಟರ್ ಬೇಕು ಅನ್ನುವಷ್ಟು ಚಳಿ, ಅದೇ ಮೋಸ. ಚಳಿ ಇದೆ ಅಂತ ಚಾ ಕುಡಿಯುತ್ತಾ ಎಂಟೂವರೆ ಮಾಡುತ್ತೀರಿ, ಹತ್ತಕ್ಕೆ ಬೆವರು ಇಳಿಯುತ್ತದೆ.

ಮಹಾಕೂಟ, ಸಿಡಿಲಫಡಿಗೆ ಬೆಳಕು ಹರಿಯುತ್ತಿದ್ದಂತೆ ಊರು ಬಿಡಿ, ಹನ್ನೊಂದರೊಳಗೆ ನೆರಳು ಸೇರಿ. ಬಡಗಣ ಕೋಟೆಗೆ ಗೇಟ್ ತೆರೆದ ಕೂಡಲೇ ಹೋಗಿ. ಗುಹೆಗಳನ್ನು ಮಧ್ಯಾಹ್ನಕ್ಕೆ ಇಡಿ, ಒಳಗೆ ತಂಪು. ಸಂಜೆ ನಡಿಗೆಗೆ ಹೋದವರು ಐದೂವರೆಗೆ ಇಳಿಯಲು ಶುರು ಮಾಡಲೇಬೇಕು. ಸೂರ್ಯಾಸ್ತ ಪೂರ್ತಿ ನೋಡಿಯೇ ಇಳಿಯುತ್ತೇವೆ ಅಂದರೆ ಅರ್ಧ ದಾರಿಗೆ ಕತ್ತಲಾಗುತ್ತದೆ. ಹುಣ್ಣಿಮೆ ಇದೆಯಲ್ಲ, ಬೆಳದಿಂಗಳು ಇರುತ್ತದಲ್ಲ ಅನ್ನುವವರಿಗೆ ಒಂದು ಮಾತು: ಬೆಳದಿಂಗಳಲ್ಲಿ ನೆರಳು ಯಾವುದು, ಗುಂಡಿ ಯಾವುದು ಗೊತ್ತಾಗುವುದಿಲ್ಲ.

5. ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಎರಡು ಲೀಟರ್ ನೀರು, ಉದ್ದ ದಾರಿಗೆ ಮೂರು. ಗುಡ್ಡದ ಮೇಲೆ ಅಂಗಡಿ ಇಲ್ಲ, ಕೊಳ್ಳದ ಒರತೆಯನ್ನು ನಂಬಿ ಹೊರಡಬೇಡಿ, ಕೆರೆ ನೀರು ಕುಡಿಯಬೇಡಿ. ಟೋಪಿ ಇಲ್ಲವೇ ಟವೆಲು. ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಈರುಳ್ಳಿ. ಕೆಡುವುದಿಲ್ಲ, ಭಾರ ಇಲ್ಲ. ಕಾಲಿಗೆ ಗುಳ್ಳೆ ಬಂದರೆ ಪಟ್ಟಿ, ಮುಳ್ಳು ತೆಗೆಯಲು ಒಂದು ಪಿನ್ನು. ಜಾಲಿ ಮುಳ್ಳು ತೆಳು ಅಟ್ಟೆಯ ಚಪ್ಪಲಿಯನ್ನು ತೂರಿಕೊಂಡೇ ಬರುತ್ತದೆ. ಉದ್ದ ಪ್ಯಾಂಟು ಹಾಕಿ.

ಶೂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮರಳುಗಲ್ಲು ಒಣಗಿದ್ದಾಗ ಕಾಲಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಉಪ್ಪುಕಾಗದದ ಹಾಗೆ. ಆದರೆ ಅದೇ ಕಲ್ಲು ಉದುರಿ ಮೇಲೆ ಮರಳಿನ ಕಾಳು ಹರಡಿರುತ್ತದಲ್ಲ, ಅದು ಬೇರೆ ಕಥೆ. ನೆಲದ ಮೇಲೆ ಸಾಸಿವೆ ಚೆಲ್ಲಿ ನಡೆದ ಹಾಗೆ. ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಕಾಲು ಮುಂದೆ ಹೋಗಿಬಿಡುತ್ತದೆ. ಅಟ್ಟೆ ಸವೆದ ಶೂ ಮನೆಯಲ್ಲೇ ಬಿಡಿ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ಸ್ವಲ್ಪ ಮಡಚಿರಲಿ, ಕಡಿದಾದ ಕಡೆ ನಾಚಿಕೆ ಬಿಟ್ಟು ಕೂತು ಜಾರಿ. ಪ್ಯಾಂಟಿನ ಹಿಂದೆ ಕೆಂಪಾಗುತ್ತದೆ, ಆಗಲಿ.

6. ದಾರಿ ತಪ್ಪದೆ ಇರಲು

ಬಾದಾಮಿ ಗುಡ್ಡದಲ್ಲಿ ದಾರಿ ಇಲ್ಲದೆ ತಪ್ಪುವುದಿಲ್ಲ, ದಾರಿಗಳು ಜಾಸ್ತಿಯಾಗಿ ತಪ್ಪುತ್ತೀರಿ. ಕುರಿ ಮೇಕೆಗಳು ದಿನಾ ಓಡಾಡಿ ಎಲ್ಲ ಕಡೆ ಗೀರು ಹಾಕಿವೆ, ಎಲ್ಲವೂ ನೋಡಲು ಒಂದೇ ಥರ.

ಮನುಷ್ಯರ ದಾರಿ ಯಾವುದು, ಮೇಕೆ ದಾರಿ ಯಾವುದು ಅಂತ ಗುರುತಿಸಲು ಒಬ್ಬ ಕುರಿ ಕಾಯುವ ಅಜ್ಜ ನನಗೆ ಹೇಳಿಕೊಟ್ಟ ಉಪಾಯ ಇದು. ಕೆಳಗೆ ನೆಲ ಸ್ವಚ್ಛ ಇದೆ, ಆದರೆ ಜಾಲಿ ಕೊಂಬೆ ನಿಮ್ಮ ಎದೆಗೆ, ಮುಖಕ್ಕೆ ಬಡಿಯುತ್ತಿದೆ ಅಂದರೆ ಅದು ಮೇಕೆ ದಾರಿ, ಅದಕ್ಕೆ ಅಷ್ಟೇ ಎತ್ತರ ಸಾಕು. ಮನುಷ್ಯರ ದಾರಿಯಲ್ಲಿ ಕೊಂಬೆಗಳು ತಲೆ ಮಟ್ಟದವರೆಗೆ ಮುರಿದಿರುತ್ತವೆ. ಬಂಡೆ ಬಂದಾಗ ಮೇಕೆ ದಾರಿ ಸುತ್ತಿಕೊಂಡು ಹೋಗಿ ಚದುರಿಹೋಗುತ್ತದೆ, ಮನುಷ್ಯರ ದಾರಿ ಬಂಡೆ ಮೇಲೇ ಹತ್ತುತ್ತದೆ, ಕಾಲಿಟ್ಟು ಕಾಲಿಟ್ಟು ಆ ಜಾಗ ನುಣುಪಾಗಿ ಹೊಳೆಯುತ್ತದೆ. ಇನ್ನೊಂದು ಗುರುತು ಹೇಳಲು ಬೇಜಾರು: ಗುಟ್ಕಾ ಚೀಟಿ ಕಾಣುತ್ತಿದ್ದರೆ ನೀವು ಸರಿದಾರಿಯಲ್ಲೇ ಇದ್ದೀರಿ.

ಫೋನಿನಲ್ಲಿ ಆಫ್‌ಲೈನ್ ಮ್ಯಾಪ್, ಅಂದರೆ ನೆಟ್ ಇಲ್ಲದಿದ್ದರೂ ತೆರೆಯುವ ನಕ್ಷೆ, ರೂಮಿನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕೊಳ್ಳಗಳಲ್ಲಿ ನೆಟ್‌ವರ್ಕ್ ಹೋಗುತ್ತದೆ. ಆದರೆ ನಕ್ಷೆ ತೋರಿಸುವ ನೇರ ಗೆರೆ ನಂಬಿ ಬಂಡೆ ಅಂಚಿಗೆ ಹೋಗಬೇಡಿ. ಮೇಲಿನ ಬಯಲು ಮಟ್ಟಸವಾಗಿ ಹೋಗುತ್ತಾ ಹೋಗುತ್ತಾ ಇದ್ದಕ್ಕಿದ್ದಂತೆ ಮುಗಿದುಬಿಡುತ್ತದೆ, ಮುಂದೆ ನೇರ ಕಡಿದಾದ ಬಂಡೆ. ನಕ್ಷೆಯಲ್ಲಿ ಗುಡಿ ಇಲ್ಲೇ ಹತ್ತಿರ ಅಂತ ಇರುತ್ತದೆ, ಆದರೆ ಅದು ಬಂಡೆಯ ಕೆಳಗಡೆಗೆ! ಹಾಗಾದಾಗ ಅಂಚಿನಲ್ಲಿ ಇಳಿಯುವ ಜಾಗ ಹುಡುಕುತ್ತಾ ಹೋಗಬೇಡಿ. ಕೊನೆಯ ಸಲ ಯಾವ ದಾರಿ ಸರಿ ಅಂತ ಖಾತ್ರಿ ಇತ್ತೋ ಅಲ್ಲಿಗೆ ವಾಪಸ್ ಹೋಗಿ. ನಾನೊಂದು ಸಲ ಹಟ ಹಿಡಿದು ಇಳಿಯಲು ಹೋಗಿ, ಮೇಲಕ್ಕೂ ಆಗದೆ ಕೆಳಕ್ಕೂ ಆಗದೆ ಒಂದು ಮುಕ್ಕಾಲು ಗಂಟೆ ಬಂಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿದ್ದೆ. ಮೇಲಿನಿಂದ ಒಂದು ಮೇಕೆ ನೋಡುತ್ತಾ ನಿಂತಿತ್ತು.

ಇದೆಲ್ಲ ತಲೆನೋವು ಬೇಡ ಅಂದರೆ ಗೈಡ್ ಕರೆದುಕೊಳ್ಳಿ. ಗುಹೆಗಳ ಹತ್ತಿರ ಸಿಗುತ್ತಾರೆ, ಲಾಡ್ಜಿನವರನ್ನು ಕೇಳಿದರೂ ಆಗುತ್ತದೆ. ಎಷ್ಟು ಹಣ, ಎಲ್ಲಿಂದ ಎಲ್ಲಿಗೆ, ವಾಪಸ್ ಬರುವ ಟಂಟಂ ಸೇರಿಯಾ ಅಲ್ಲವಾ, ಮೂರೂ ಮೊದಲೇ ಮಾತಾಡಿ. ಜಾತ್ರೆ ಸಮಯದಲ್ಲಿ ಹಿಂದಿನ ಸಂಜೆಯೇ ಹೇಳಿಟ್ಟುಕೊಳ್ಳಿ. ಅವರಿಗೂ ಜಾತ್ರೆ ಇರುತ್ತದಲ್ಲ.

7. ಮಂಗ, ಜೇನು ಮತ್ತು ಉಳಿದವು

ಬಾದಾಮಿಯ ಮಂಗಗಳಿಗೆ ನಿಮ್ಮ ಚೀಲದ ಜಿಪ್ಪು ತೆಗೆಯಲು ಬರುತ್ತದೆ. ಉತ್ಪ್ರೇಕ್ಷೆ ಅಲ್ಲ. ಗುಹೆ, ಕೋಟೆ ಎರಡೂ ಕಡೆ ಇವೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇದ್ದರೆ ಒಳಗೆ ತಿನ್ನಲು ಇದೆ ಅಂತಲೇ ಅವುಗಳ ಲೆಕ್ಕ, ಒಳಗೆ ಬರೀ ಚಪ್ಪಲಿ ಇದ್ದರೂ ಸರಿ. ಆದ್ದರಿಂದ ಕವರ್ ಬೇಡ, ಬಾಳೆಹಣ್ಣು ಬೇಡ, ನೀರಿನ ಬಾಟಲಿ ಹೊರಗಿನ ಜೇಬಿನಲ್ಲಿ ಬೇಡ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಿದರೆ ಕಚ್ಚುತ್ತವೆ. ಕಚ್ಚಿದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಬೇಕು. ಜಾತ್ರೆ ಮುಗಿಸಿ ಊರಿಗೆ ಹೋಗಿ ತೋರಿಸೋಣ ಅನ್ನಬೇಡಿ. ಮಕ್ಕಳಿಗೆ ಮೊದಲೇ ಹೇಳಿಡಿ: ಮಂಗಕ್ಕೆ ಹಲ್ಲು ತೋರಿಸಿ ನಗಬಾರದು, ಅದಕ್ಕೆ ಅದು ಜಗಳಕ್ಕೆ ಕರೆದ ಹಾಗೆ.

ಎತ್ತರದ ಬಂಡೆಗಳ ಹೊಟ್ಟೆಯಲ್ಲಿ ಹೆಜ್ಜೇನು ಇರುತ್ತದೆ. ಕರಿ ತಟ್ಟೆಯ ಹಾಗೆ ನೇತಾಡುವುದು ಕಂಡರೆ ಕೂಗು, ಹೊಗೆ, ಕಲ್ಲು ಎಸೆತ ಯಾವುದೂ ಬೇಡ, ಸುಮ್ನೆ ದಾಟಿ ಹೋಗಿ. ಬಂಡೆ ಸಂದಿಗೆ ನೋಡದೆ ಕೈ ಹಾಕಬೇಡಿ, ಹಾವು ಚೇಳು ಎರಡೂ ಇವೆ. ಕಲ್ಲಿನ ಮೇಲೆ ಹೆಸರು ಕೆತ್ತುವವರಿಗೆ ನಾನು ಏನೂ ಹೇಳುವುದಿಲ್ಲ, ಹೇಳಿದರೆ ಬೈಗುಳ ಬರುತ್ತದೆ. ಡ್ರೋನ್ ಹಾರಿಸಲು ಅನುಮತಿ ಬೇಕು, ಇಲ್ಲದಿದ್ದರೆ ಚೀಲದಲ್ಲೇ ಇರಲಿ.

ಯಾರಿಗಾದರೂ ಪೆಟ್ಟಾದರೆ 108 ಇಲ್ಲವೇ 112. ಜಾತ್ರೆ ದಿನ ಆಂಬುಲೆನ್ಸ್ ಕೂಡ ಗದ್ದಲದಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ತೇರಿನ ದಿನ ಗುಡ್ಡ ಬೇಡ ಅಂತ ಮೇಲೆ ಹೇಳಿದ್ದು.

8. ಗುಡ್ಡದಿಂದ ಜಾತ್ರೆಗೆ

ಬಾದಾಮಿಯಿಂದ ಬನಶಂಕರಿ ಸುಮಾರು 5 ಕಿಲೋಮೀಟರ್. ಬೇರೆ ದಿನ ಹತ್ತು ನಿಮಿಷ, ತೇರಿನ ದಿನ ಎಷ್ಟೊತ್ತು ಅಂತ ದೇವಿಗೇ ಗೊತ್ತು. ಕಾರನ್ನು ಬಾದಾಮಿಯಲ್ಲೇ ಬಿಟ್ಟು ಟಂಟಂ ಇಲ್ಲವೇ ಬಸ್ ಹಿಡಿಯಿರಿ, ಅದೂ ಸಿಕ್ಕಿಕೊಂಡರೆ ಇಳಿದು ಜನರ ಜೊತೆ ನಡೆಯಿರಿ. ರೈಲಿಗೆ ವಾಪಸ್ ಹೋಗುವವರು ಗಮನಿಸಿ, ಸ್ಟೇಷನ್ ಕೂಡ ಊರಿನಿಂದ ಸುಮಾರು 5 ಕಿಲೋಮೀಟರ್ ದೂರ, ಮತ್ತು ಅದು ಬೇರೆ ದಿಕ್ಕು. ಬನಶಂಕರಿಯಿಂದ ನೇರವಾಗಿ ಹದಿನೈದು ನಿಮಿಷದಲ್ಲಿ ಸ್ಟೇಷನ್ ಮುಟ್ಟುತ್ತೇವೆ ಅಂತ ಲೆಕ್ಕ ಹಾಕಿ ರೈಲು ತಪ್ಪಿಸಿಕೊಂಡವರು ಪ್ರತಿ ವರ್ಷ ಇರುತ್ತಾರೆ.

ಊಟವನ್ನು ಹೋಟೆಲಿನಲ್ಲಿ ಮಾಡಬೇಡಿ. ಗುಡಿ ಹತ್ತಿರ, ಹರಿದ್ರಾ ತೀರ್ಥ ಅನ್ನುವ ಹೊಂಡದ ಆಸುಪಾಸು, ಬುಟ್ಟಿ ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. ಜೋಳದ ರೊಟ್ಟಿ, ಎರಡು ಥರ ಪಲ್ಯ, ಕೆಂಪು ಖಾರದ ಚಟ್ನಿ, ಮೇಲೆ ಗಟ್ಟಿ ಕೆನೆ ಮೊಸರು. ಖಾರ ಎಷ್ಟು ಹಾಕಲಿ ಅಂತ ಕೇಳಿದಾಗ ಧೈರ್ಯ ತೋರಿಸಲು ಹೋಗಬೇಡಿ. ತಿಂದು ಬಾಗಿಲು ಚೌಕಟ್ಟಿನ ಅಂಗಡಿ ಸಾಲಿನಲ್ಲಿ ಒಂದು ಸುತ್ತು ಬನ್ನಿ, ಮನೆ ಕಟ್ಟುವವರು ಇಲ್ಲಿಗೆ ಬಾಗಿಲು ಕೊಳ್ಳಲೆಂದೇ ಬರುತ್ತಾರೆ. ಅಷ್ಟೊತ್ತಿಗೆ ನಾಟಕದ ಮೈಕು ಶುರುವಾಗಿರುತ್ತದೆ. ಮಾರನೇ ದಿನ ಮಹಾಕೂಟ ಇದ್ದರೆ ಮೊದಲ ಆಟಕ್ಕೆ ಮಾತ್ರ ಟಿಕೆಟ್ ತೆಗೆಯಿರಿ.